ಗಾದಂಕಿಯ ಎಂಎಸ್‌ಟಿ ರಾಡಾರ್: ಕೋಲಾರ, ಚಿಕ್ಕಬಳ್ಳಾಪುರದ ಸಂಶೋಧಕರಿಗೆ ಎಷ್ಟು ಒದಗೀತು?

ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ತಿರುಪತಿಗೆ ಹೋಗುವ ದಾರಿಯಲ್ಲಿ ಗಾದಂಕಿ ಇದೆ. ಅಲ್ಲಿನ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯದ ಎಂಎಸ್‌ಟಿ ರಾಡಾರ್ (ರೇಡಿಯೊ ಅಲೆಗಳನ್ನು ಮೇಲಕ್ಕೆ ಕಳಿಸಿ ಮೆಸೋಸ್ಫಿಯರ್, ಸ್ಟ್ರಾಟೋಸ್ಫಿಯರ್, ಟ್ರೋಪೋಸ್ಫಿಯರ್ ಎಂಬ ವಾಯುಪದರಗಳಿಂದ ಮರಳುವ ಪ್ರತಿಧ್ವನಿ ಅಳೆಯುವ ಉಪಕರಣ) 53 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. 130 ಮೀಟರ್ ಚೌಕದ ಅಂಗಳದಲ್ಲಿ 1024 ಯಾಗಿ ಆಂಟೆನಾಗಳು, ಕಿರಣದ ಅಗಲ ಸುಮಾರು 3 ಡಿಗ್ರಿ. ನಮ್ಮ ಜಿಲ್ಲೆಗಳಿಗೆ ಇಷ್ಟು ಹತ್ತಿರ ಇಂಥ ಉಪಕರಣ ಇರುವುದೇ ದೊಡ್ಡ ಭಾಗ್ಯ.

ಆದರೆ ನೆಲದಿಂದ ಅಯಾನುಗೋಳದವರೆಗೆ (ವಿದ್ಯುತ್ ಕಣಗಳಿರುವ ಮೇಲಿನ ಪದರ) ಎಲ್ಲವೂ ಕಾಣುತ್ತದೆಂದು ನಂಬಿ ಯೋಜನೆ ಬರೆಯಬೇಡಿ. ಸುಮಾರು 25ರಿಂದ 65 ಕಿ.ಮೀ. ಎತ್ತರದ ನಡುವೆ ಪ್ರತಿಧ್ವನಿಯೇ ಬರುವುದಿಲ್ಲ. ಅದರ ಮೇಲೆ 85 ಕಿ.ಮೀ.ವರೆಗೆ ಸಿಗುವುದು ಹಗಲಲ್ಲಿ ಮಾತ್ರ, ಏಕೆಂದರೆ ಅಲ್ಲಿ ಎಲೆಕ್ಟ್ರಾನ್‌ಗಳು ಹುಟ್ಟಲು ಬಿಸಿಲು ಬೇಕು. ನಡುವಿನ ಖಾಲಿಯನ್ನು ಅಲ್ಲಿಯದೇ ಲೈಡಾರ್ (ಲೇಸರ್ ಬೆಳಕಿನಿಂದ ಅಳೆಯುವ ಉಪಕರಣ) ತುಂಬುತ್ತದೆ, ಅದೂ ಮೋಡವಿಲ್ಲದ ರಾತ್ರಿಗಳಲ್ಲಿ. ಹೀಗಾಗಿ 70 ಕಿ.ಮೀ. ಎತ್ತರದಲ್ಲಿ ಎರಡನ್ನೂ ಒಂದೇ ಗಳಿಗೆಯಲ್ಲಿ ಹೋಲಿಸುವ ಯೋಜನೆ ಕೈಗೂಡದು.

ಗಾಳಿಯ ಅಧ್ಯಯನಕ್ಕೆ ಮಾತ್ರ ಪೂರ್ಣ ಅಂಕ. ನೇರ ಮೇಲಕ್ಕೊಂದು, ನಾಲ್ಕು ದಿಕ್ಕಿಗೆ 10 ಡಿಗ್ರಿ ವಾಲಿದ ನಾಲ್ಕು, ಒಟ್ಟು ಐದು ಕಿರಣ ಸಾಕು. ರಾಡಾರ್ ಬಿಟ್ಟು ಬಿಟ್ಟು ಕಳಿಸುವ ಅಲೆಯ ತುಣುಕುಗಳಾದ ಪಲ್ಸ್‌ಗಳ ನಡುವಿನ ಅಂತರ 1 ಮಿಲಿಸೆಕೆಂಡ್, ಒಟ್ಟಿಗೆ ಕೂಡಿಸುವ ಪಲ್ಸ್ 64, ಎಫ್‌ಎಫ್‌ಟಿ (ಸಂಕೇತವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) 512 ಬಿಂದು ಇಟ್ಟರೆ ಒಂದು ಕಿರಣಕ್ಕೆ ಸುಮಾರು 33 ಸೆಕೆಂಡ್, ಐದಕ್ಕೆ ಮೂರು ನಿಮಿಷದೊಳಗೆ. ಆಗ ಅಳೆಯಬಹುದಾದ ಗರಿಷ್ಠ ವೇಗ ಕಿರಣದ ನೇರಕ್ಕೆ ಸೆಕೆಂಡಿಗೆ 22 ಮೀಟರ್. ಸಂಕೇತದಲ್ಲಿ ಬೆರೆತ ಅನಗತ್ಯ ಸದ್ದು ತಗ್ಗಲೆಂದು 64ರ ಬದಲು 256 ಪಲ್ಸ್ ಕೂಡಿಸುವ ಆಸೆ ಬೇಡ: ಮಿತಿ 5.5 ಮೀಟರಿಗೆ ಇಳಿಯುತ್ತದೆ. ಮುಂಗಾರಿನಲ್ಲಿ 16 ಕಿ.ಮೀ. ಎತ್ತರದ ಸುತ್ತ ಪೂರ್ವದಿಂದ ಬೀಸುವ ಜೆಟ್ (ರಭಸದ ಗಾಳಿಯ ಹರಿವು) ಸೆಕೆಂಡಿಗೆ 40 ಮೀಟರ್ ಇದ್ದರೆ ಕಿರಣದ ನೇರಕ್ಕೆ 7 ಬರುತ್ತದೆ. ಅದು ಮಿತಿ ಮೀರಿ ಮಡಚಿಕೊಂಡು, ತದ್ವಿರುದ್ಧ ದಿಕ್ಕಿನ ಗಾಳಿಯಾಗಿ ದಾಖಲಾಗುತ್ತದೆ.

ರಾತ್ರಿಯ ಪ್ಲಾಸ್ಮಾ ಗುಳ್ಳೆಗಳಿಗೆ (ಅಯಾನುಗೋಳದಲ್ಲಿ ಎಲೆಕ್ಟ್ರಾನ್‌ಗಳು ವಿರಳವಾದ ಜಾಗಗಳು) ಈ ಹೊಂದಿಕೆ ಸಲ್ಲದು. 1 ಮಿಲಿಸೆಕೆಂಡ್ ಅಂತರದಲ್ಲಿ 150 ಕಿ.ಮೀ. ದಾಟಿದ್ದೆಲ್ಲ ಮಡಚಿಕೊಳ್ಳುತ್ತದೆ, 250 ಕಿ.ಮೀ.ಯ ಪ್ರತಿಧ್ವನಿ 100ರಲ್ಲಿ ಕಂಡು ಅಯಾನುಗೋಳದ ಕೆಳಗಿನ ಇ ಪದರವೆಂದು ಮೋಸಗೊಳಿಸುತ್ತದೆ. ಅಂತರವನ್ನು 4 ಮಿಲಿಸೆಕೆಂಡ್‌ಗೆ ಏರಿಸಿ, ಪಲ್ಸ್ ಕೂಡಿಸುವುದನ್ನೇ ಬಿಡಿ. ಕಿರಣವನ್ನು ಉತ್ತರಕ್ಕೆ, ಭೂಕಾಂತ ರೇಖೆಗೆ ಲಂಬವಾಗಿ ವಾಲಿಸಲೇಬೇಕು, ಇಲ್ಲವಾದರೆ ಗುಳ್ಳೆ ಇದ್ದರೂ ಪರದೆ ಖಾಲಿ.

ನಮ್ಮವರಿಗೆ ಇಲ್ಲೊಂದು ಅನುಕೂಲವಿದೆ, ಇದನ್ನು ಬಳಸಿಕೊಳ್ಳಬೇಕೆಂಬುದು ನಮ್ಮ ಕಳಕಳಿ. ಚಿಕ್ಕಬಳ್ಳಾಪುರ ಮತ್ತು ಗಾದಂಕಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ನಡುವೆ ಸುಮಾರು 157 ಕಿ.ಮೀ. ಸಂಜೆಯ ಗುಳ್ಳೆಗಳು ಪೂರ್ವಕ್ಕೆ ಸೆಕೆಂಡಿಗೆ 100ರಿಂದ 150 ಮೀಟರ್ ಸರಿಯುತ್ತವೆ. ಚಿಕ್ಕಬಳ್ಳಾಪುರದ ನೆತ್ತಿ ದಾಟಿದ ಗುಳ್ಳೆ 17ರಿಂದ 26 ನಿಮಿಷದಲ್ಲಿ ಗಾದಂಕಿಯ ರೇಖಾಂಶ ಮುಟ್ಟಬೇಕು. ಗುಳ್ಳೆ ಅಡ್ಡ ಬಂದಾಗ ಜಿಪಿಎಸ್ ಸಂಕೇತ ಮಿನುಗುತ್ತದೆ. ಕಾಲೇಜಿನ ತಾರಸಿಯಲ್ಲಿ ಆ ಮಿನುಗು ಅಳೆಯುವ ರಿಸೀವರ್ ಇಟ್ಟು, ಮಿನುಗಿನ ತೀವ್ರತೆ ತೋರುವ ಎಸ್4 ಸೂಚ್ಯಂಕವನ್ನು ನಿಮಿಷಕ್ಕೊಂದು ಬರೆದಿಡಿ. ದಿಗಂತದಿಂದ 30 ಡಿಗ್ರಿ ಮೇಲಿರುವ ಉಪಗ್ರಹದ ರೇಖೆ ಗುಳ್ಳೆಗಳಿರುವ 350 ಕಿ.ಮೀ. ಎತ್ತರ ಮುಟ್ಟುವುದು ಸುಮಾರು 500 ಕಿ.ಮೀ. ಆಚೆ, ಅಂದರೆ ಗಾದಂಕಿಯನ್ನೂ ದಾಟಿರಬಹುದು. ಆದ್ದರಿಂದ ಪ್ರತಿ ಉಪಗ್ರಹಕ್ಕೂ ಆ ಛೇದ ಬಿಂದುವನ್ನು ಲೆಕ್ಕ ಹಾಕಿ, ದೂರವನ್ನು ಅಲ್ಲಿಂದಲೇ ಎಣಿಸಿ, ತಾರಸಿಯಿಂದಲ್ಲ.