ಹುಬ್ಬಳ್ಳಿ–ಧಾರವಾಡ ಓಡಾಟ: ನನಗಂತೂ ಚಿಗರಿಯೇ ಸೈ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. 1962ರಲ್ಲೇ ಎರಡೂ ಊರು ಸೇರಿಸಿ ಒಂದೇ ಪಾಲಿಕೆ ಮಾಡಿದ್ದರು. ಆದರೂ ಹೊಸಬರು ಬಂದರೆ ಮೊದಲು ಕೇಳುವುದು ಇದನ್ನೇ, "ಹೆಂಗ ಹೋಗೂದ್ರಿ?" ಬೇಂದ್ರೆ ಅನ್ನುವ ಖಾಸಗಿ ಬಸ್ಸಿನ ಕಾಲದಲ್ಲಿ ಕಾಲೇಜಿಗೆ ಓಡಾಡಿದವನು ನಾನು. ಈಗ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಕೆಲಸ ಧಾರವಾಡದಲ್ಲಿ. ರೈಲು, ಕಾರು, ಸಾದಾ ಬಸ್ಸು ಎಲ್ಲಾ ನೋಡಿ ಆಯ್ತು. ಕೊನೆಗೆ ಕಾಲು ತಾನಾಗಿ ಹೋಗುವುದು ಚಿಗರಿ, ಅಂದರೆ ರಸ್ತೆ ನಡುವಿನ ತನ್ನದೇ ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿನ ಸ್ಟೇಷನ್ ಕಡೆಗೇ.

2018ರ ಅಕ್ಟೋಬರಿನಲ್ಲಿ ಈ ಏಸಿ ಬಸ್ಸು ಶುರುವಾದಾಗ, ಇದ್ದ ರಸ್ತೆಯನ್ನೇ ಅಗೆದು ನಡುವೆ ಬಸ್ಸಿಗೊಂದು ದಾರಿ ಬೇಕಿತ್ತಾ ಅಂತ ಗೊಣಗಿದವರಲ್ಲಿ ನಾನೂ ಒಬ್ಬ. ಈಗ ಪಕ್ಕದಲ್ಲಿ ಕಾರುಗಳು ಸಾಲಾಗಿ ನಿಂತಿರುವಾಗ ಕಿಟಕಿಯಿಂದ ಉಣಕಲ್ ಕೆರೆ ನೋಡುತ್ತಾ ದಾಟಿ ಹೋಗುವಾಗ ಸ್ವಲ್ಪ ನಾಚಿಕೆಯಾಗುತ್ತದೆ, ಖುಷಿ ಜಾಸ್ತಿ ಆಗುತ್ತದೆ. ಟಿಕೆಟ್ಟು ಸ್ಟೇಷನ್ ಕೌಂಟರಿನಲ್ಲೇ ಸಿಗುತ್ತದೆ, ಹಾಗಾಗಿ ಟಿಕೆಟ್ ಹಿಂದೆ ಬರೆಸಿಕೊಂಡ ಚಿಲ್ಲರೆಗಾಗಿ ಇಳಿಯುವ ಹೊತ್ತಿಗೆ ಕಂಡಕ್ಟರ್ ಹಿಂದೆ ಓಡುವ ಕೆಲಸ ಇಲ್ಲ. ನನಗೆ ಇದೆಲ್ಲಕ್ಕಿಂತ ದೊಡ್ಡದು ಅನಿಸಿದ್ದು ಬೇರೆ. ಪ್ಲಾಟ್‌ಫಾರ್ಮ್ ಬಸ್ಸಿನ ನೆಲದ ಎತ್ತರಕ್ಕೇ ಇದೆ. ಮೊಣಕಾಲು ನೋವಿನ ನಮ್ಮವ್ವ ಮೊದಲ ಸಲ ಯಾರ ಕೈಯೂ ಹಿಡಿಯದೆ ಹತ್ತಿ ಕೂತು, "ಇದು ಬಸ್ಸೋ, ಪಡಸಾಲಿನೋ" ಅಂದಳು.

ಆದರೆ ಸ್ಟೇಷನ್ ಇರುವುದು ರಸ್ತೆಯ ನಟ್ಟನಡುವೆ. ಅಲ್ಲಿಗೆ ಮುಟ್ಟಲು ಓಡುವ ಗಾಡಿಗಳ ನಡುವೆ ರಸ್ತೆ ದಾಟಬೇಕು, ವಯಸ್ಸಾದವರಿಗೆ ಕಷ್ಟ ಅದೇ. ಇನ್ನೊಂದು, ಇದು ಏಸಿ ಬಸ್ಸು, ಹಾಗಾಗಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್ ಇಲ್ಲಿ ನಡೆಯುವುದಿಲ್ಲ. ನಮ್ಮ ಮನೆಯವಳು ಅವಸರ ಇಲ್ಲದ ದಿನ ಸಾದಾ ಬಸ್ಸಿಗೇ ಹೋಗುತ್ತಾಳೆ. ತಿಂಗಳ ಲೆಕ್ಕ ಹಾಕಿದರೆ ಅವಳದ್ದೇ ಸರಿ.

ರೈಲು ಅಗ್ಗ, ಸುಮಾರು ಅರ್ಧ ತಾಸಿನ ದಾರಿ. ಆದರೆ ನಾವು ಅದರ ಟೈಮಿಗೆ ಕಾಯಬೇಕು, ಅದು ನಮಗೆ ಕಾಯುವುದಿಲ್ಲ. ಮೇಲಾಗಿ ಹುಬ್ಬಳ್ಳಿಯದು ಒಂದೂವರೆ ಕಿಲೋಮೀಟರಿನ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು. ಬೋಗಿ ತಪ್ಪಿ ಆ ತುದಿಯಿಂದ ಈ ತುದಿಗೆ ನಡೆದರೆ ಬೆಳಗಿನ ವಾಕಿಂಗ್ ಮುಗಿದಂತೆಯೇ! ಧಾರವಾಡದಲ್ಲಿ ಇಳಿದ ಮೇಲೆ ಊರೊಳಗೆ ಬರಲು ಮತ್ತೆ ಆಟೋ. ಮನೆ ಸ್ಟೇಷನ್ ಹತ್ತಿರವಿದ್ದರೆ ಮಾತ್ರ ರೈಲು ನೋಡಿ. ಕಾರಿನ ಬಗ್ಗೆ ಏನು ಹೇಳಲಿ, ಸಿಗ್ನಲ್ಲುಗಳಲ್ಲಿ ಕೂತು ಪೆಟ್ರೋಲ್ ಸುಡುವ ಆಸೆ ಇದ್ದರೆ ಹೋಗಿ. ಮೊಬೈಲಿನಲ್ಲಿ ಕರೆಸುವ ಟ್ಯಾಕ್ಸಿಯನ್ನೂ ಒಮ್ಮೆ ನಂಬಿದೆ. ಡ್ರೈವರ್ "ಧಾರವಾಡಾನಾ?" ಅಂತ ಕೇಳಿ ಫೋನ್ ಇಟ್ಟವನು ಆಮೇಲೆ ಎತ್ತಲೇ ಇಲ್ಲ.

ಚಿಗರಿ ಹತ್ತುವಾಗ ಒಂದು ನೆನಪಿರಲಿ. ಎಲ್ಲಾ ಕಡೆ ನಿಲ್ಲುವ ಬಸ್ಸು ಬೇರೆ, ಎಕ್ಸ್‌ಪ್ರೆಸ್ ಬೇರೆ. ಪೇರಲ ಹಣ್ಣು ತರಲೆಂದು ನಡುದಾರಿಯ ನವಲೂರಿಗೆ ಹೊರಟವನು ಬೋರ್ಡ್ ನೋಡದೆ ಸುಮ್ನೆ ಹತ್ತಿ ಕೂತೆ. ನವಲೂರು ಕಣ್ಣೆದುರೇ ಹಿಂದೆ ಹೋಯಿತು, ಅವತ್ತು ಮನೆಗೆ ತಂದಿದ್ದು ಧಾರವಾಡ ಪೇಡೆ.