ಅನುದಾನದ ಅರ್ಜಿಗೆ ಡಿಎಂಪಿ ಟೂಲ್: ನಮ್ಮ ಕಡೆಯ ಸಂಶೋಧಕರಿಗೆ ಎಷ್ಟು ಉಪಯೋಗ?

ಪ್ರಪೋಸಲ್ ಬರೆಯುವಾಗ ಎಲ್ಲರೂ ಕೊನೆಗೆ ತಳ್ಳುವ ಕಾಗದವೆಂದರೆ ಡೇಟಾ ಮ್ಯಾನೇಜ್‌ಮೆಂಟ್ ಪ್ಲಾನ್ (ಡಿಎಂಪಿ), ಅಂದರೆ ಸಂಶೋಧನೆಯ ಡೇಟಾವನ್ನು ಹೇಗೆ ಸಂಗ್ರಹಿಸಿ, ಕಾಪಾಡಿ, ಹಂಚಿಕೊಳ್ಳುತ್ತೇವೆ ಎಂದು ಹೇಳುವ ಯೋಜನೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ (ಎನ್‌ಎಸ್‌ಎಫ್) ಇದನ್ನು 2011ರ ಜನವರಿ 18ರಿಂದ ಕಡ್ಡಾಯ ಮಾಡಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) 2023ರ ಜನವರಿ 25ರಿಂದ, ತಾನು ಹಣ ಕೊಡುವ, ವೈಜ್ಞಾನಿಕ ಡೇಟಾ ಹುಟ್ಟುವ ಎಲ್ಲ ಸಂಶೋಧನೆಗೂ ಕೇಳುತ್ತಿದೆ. ಬೆಳಗಾವಿ, ವಿಜಯಪುರದ ಮೆಡಿಕಲ್ ಕಾಲೇಜುಗಳು ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆ ಕೂಡಿ ಈ ಸಂಸ್ಥೆಗಳಿಗೆ ಅರ್ಜಿ ಹಾಕಿದರೆ ಇದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಕ್ಯಾಲಿಫೋರ್ನಿಯಾ ಡಿಜಿಟಲ್ ಲೈಬ್ರರಿ ನಡೆಸುವ ಡಿಎಂಪಿ ಟೂಲ್ ಎಂಬ ಜಾಲತಾಣ ಈ ಪ್ಲಾನ್ ಬರೆಯಲು ಒಳ್ಳೆಯ ಆಸರೆ, ಅದೂ ಪುಕ್ಕಟೆ. ಇಮೇಲ್ ಕೊಟ್ಟು ಖಾತೆ ತೆರೆಯಿರಿ, ಪ್ರಾಜೆಕ್ಟಿನ ಹೆಸರು ಬರೆಯಿರಿ, ಅನುದಾನ ಕೊಡುವ ಸಂಸ್ಥೆಯನ್ನು ಆರಿಸಿ. ಅದರ ಟೆಂಪ್ಲೇಟ್ ಪ್ರಶ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ, ಪಕ್ಕದಲ್ಲೇ ಮಾರ್ಗದರ್ಶನ ಇರುತ್ತದೆ. ನಿಮ್ಮ ಕಾಲೇಜು ಪಟ್ಟಿಯಲ್ಲಿಲ್ಲದಿದ್ದರೂ ಮುಂದುವರಿಯಬಹುದು. ಜೊತೆಗಾರರನ್ನು ಇಮೇಲ್ ಮೂಲಕ ಸೇರಿಸಿಕೊಂಡು ಒಟ್ಟಿಗೆ ಬರೆಯಬಹುದು. ಪಟ್ಟಿಯಲ್ಲಿ ಹೆಚ್ಚಿನವು ಅಮೆರಿಕದ ಸಂಸ್ಥೆಗಳೇ. ಬ್ರಿಟನ್, ಯುರೋಪಿನ ಅನುದಾನವಾದರೆ ಡಿಎಂಪಿ ಆನ್‌ಲೈನ್ ಎಂಬ ಇಂಥದೇ ಇನ್ನೊಂದು ಟೂಲ್ ಬಳಸುವುದು ಲೇಸು.

ಆದರೆ ಕನ್ನಡದ ಡೇಟಾ ಎಲ್ಲಿ ಕೆಡುತ್ತದೆ ಎಂಬುದು ಈ ಟೂಲ್‌ಗೆ ಗೊತ್ತಿಲ್ಲ. ಅದನ್ನು ನಾವೇ ಬರೆಯಬೇಕು.

ಗುಳೇದಗುಡ್ಡದ ಖಣ ನೇಕಾರರ ಬೆನ್ನುನೋವು, ಕಣ್ಣಿನ ತೊಂದರೆಯ ಸಮೀಕ್ಷೆ ಎಂದಿಟ್ಟುಕೊಳ್ಳಿ. 60 ಸಂದರ್ಶನ, ಒಂದೊಂದು ಗಂಟೆಯದು. ಮೋನೋದಲ್ಲಿ, 44.1 ಕಿಲೋಹರ್ಟ್ಸ್, 16 ಬಿಟ್‌ನ ವೇವ್ ಫೈಲ್ ಗಂಟೆಗೆ ಸುಮಾರು 318 ಎಂಬಿ. ಒಟ್ಟು 19 ಜಿಬಿ, ಮೂರು ಪ್ರತಿ ಇಟ್ಟರೆ 57 ಜಿಬಿ. ಡೇಟಾ ಎಷ್ಟು ಎಂಬ ಪ್ರಶ್ನೆಗೆ ಈ ಲೆಕ್ಕವನ್ನೇ ಬರೆಯಿರಿ. ‘ಸಾಕಷ್ಟು ಡೇಟಾ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ, ಸಂಗ್ರಹದ ಖರ್ಚನ್ನು ಬಜೆಟ್ಟಿನಲ್ಲಿ ತೋರಿಸಲೂ ಆಗುವುದಿಲ್ಲ.

ಇನ್ನು ಅಕ್ಷರದ ವಿಷಯ. ಉತ್ತರಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಟೈಪಿಂಗ್ ಮೊದಲ ದಿನದಿಂದಲೇ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯೂನಿಕೋಡ್‌ನಲ್ಲಿರಲಿ, ಆ ಮಾತು ಪ್ಲಾನಿನಲ್ಲೂ ಇರಲಿ. ಎಕ್ಸೆಲ್‌ನಿಂದ ಬರೀ ಸಿಎಸ್‌ವಿ (ಕೋಷ್ಟಕವನ್ನು ಸರಳ ಪಠ್ಯವಾಗಿಡುವ ಫೈಲ್) ಎಂದು ಸೇವ್ ಮಾಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಆ ಫೈಲಿನಿಂದ ಅಕ್ಷರಗಳನ್ನು ಮರಳಿ ಪಡೆಯಲಾಗದು. ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯನ್ನೇ ಒತ್ತಬೇಕು.

ಟೂಲ್ ಕೊಡುವ ಮಾದರಿ ವಾಕ್ಯಗಳನ್ನು ಹಾಗೆಯೇ ಅಂಟಿಸುವುದು ದೊಡ್ಡ ಅಪಾಯ. ‘ಹೆಸರು ತೆಗೆದು ಹಂಚಿಕೊಳ್ಳುತ್ತೇವೆ’ ಎಂದರೆ ಸಾಲದು. ಗುಳೇದಗುಡ್ಡದಂಥ ಊರಲ್ಲಿ ವಯಸ್ಸು, ಓಣಿ, ಮಗ್ಗಗಳ ಸಂಖ್ಯೆ ಮೂರೂ ಒಂದೇ ಸಾಲಿನಲ್ಲಿದ್ದರೆ ಅದು ಯಾರ ಮನೆಯೆಂದು ನೆರೆಯವರು ಹೇಳಿಬಿಡುತ್ತಾರೆ. ವಯಸ್ಸನ್ನು ಐದು ವರ್ಷದ ಗುಂಪುಗಳಾಗಿ ಮಾಡಿ, ಓಣಿ ತೆಗೆಯಿರಿ. ಜಿಪಿಎಸ್‌ನಲ್ಲಿ ದಶಾಂಶದ ನಂತರ ನಾಲ್ಕು ಅಂಕಿ ಇಟ್ಟರೆ ಸುಮಾರು 11 ಮೀಟರಿನೊಳಗೆ ಜಾಗ ಸಿಗುತ್ತದೆ, ಎರಡಕ್ಕೆ ಇಳಿಸಿದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ದನಿಯಿಂದಲೇ ಮನುಷ್ಯ ಗುರುತು ಸಿಗುವುದರಿಂದ ರೆಕಾರ್ಡಿಂಗನ್ನು ಮುಕ್ತವಾಗಿ ಹಾಕಬಾರದು. ಪರಿಶೀಲಿಸಿದ ಬರಹರೂಪ ಮಾತ್ರ ಹೋಗಲಿ.

ಸಮ್ಮತಿ ಪತ್ರದಲ್ಲಿ ‘ಅಧ್ಯಯನ ಮುಗಿದ ಮೇಲೆ ಮಾಹಿತಿ ನಾಶ ಮಾಡುತ್ತೇವೆ’ ಎಂದಿದ್ದು, ಪ್ಲಾನಿನಲ್ಲಿ ‘ಜೆನೋಡೋದಲ್ಲಿ (ಸಂಶೋಧನಾ ಡೇಟಾ ಹಂಚುವ ಆನ್‌ಲೈನ್ ಭಂಡಾರ) ಇಡುತ್ತೇವೆ’ ಎಂದಿದ್ದರೆ ಎರಡೂ ಬಡಿದಾಡುತ್ತವೆ. ಎಥಿಕ್ಸ್ ಕಮಿಟಿಗೆ ಹೋಗುವ ಮೊದಲೇ ಸಮ್ಮತಿ ಪತ್ರಕ್ಕೆ ಹಂಚಿಕೆಯ ಸಾಲನ್ನು ಕನ್ನಡದಲ್ಲಿ ಸೇರಿಸಬೇಕು. ನೇಕಾರರು ಸಹಿ ಹಾಕುವುದು ಆ ಮಾತಿಗೆ, ನಮ್ಮ ಇಂಗ್ಲಿಷ್ ಪ್ಲಾನಿಗಲ್ಲ. ಹೊರದೇಶದ ಅನುದಾನದ ಆರೋಗ್ಯ ಸಂಶೋಧನೆಯಾದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆಯೂ ಬೇಕು. ಅಲ್ಲಿ ಹೇಳಿದ್ದಕ್ಕೂ ಪ್ಲಾನಿಗೂ ತಾಳೆಯಾಗಬೇಕು.

ಎನ್‌ಎಸ್‌ಎಫ್‌ಗೆ ಎರಡು ಪುಟದ ಮಿತಿ ಇದೆ, ಎನ್‌ಐಎಚ್ ಕೂಡ ಎರಡು ಪುಟ ಸಾಕು ಎನ್ನುತ್ತದೆ. ಡೌನ್‌ಲೋಡ್ ಮಾಡುವಾಗ ಮುಖಪುಟ, ಪ್ರಶ್ನೆಗಳು, ಉತ್ತರ ಬರೆಯದ ಪ್ರಶ್ನೆಗಳು ಈ ಮೂರರ ಟಿಕ್ ತೆಗೆಯಿರಿ. ಅವು ಉಳಿದರೆ ಪುಟ ಮಿತಿ ಮೀರುತ್ತದೆ. ವರ್ಡ್ ಪ್ರತಿಯನ್ನೇ ಇಳಿಸಿಕೊಂಡು ಅನುದಾನದ ಹೊಸ ಪ್ರಕಟಣೆಯ ಜೊತೆ ಸಾಲುಸಾಲಾಗಿ ಹೋಲಿಸಿ ನೋಡಿ, ಏಕೆಂದರೆ ಈ ನಮೂನೆಗಳು ಆಗಾಗ ಬದಲಾಗುತ್ತವೆ.