ಒಂದೇ ಕಂಪನಿಯ ಎರಡು ನೆಟ್ ಲೈನ್ ಹಾಕಿಸುವ ಮುಂಚೆ ಇದನ್ನು ಓದಿ

ಕಲಬುರಗಿಯಲ್ಲಿ ಆನ್‌ಲೈನ್ ಸೆಂಟರ್, ಕೋಚಿಂಗ್ ಕ್ಲಾಸ್, ದಾಲ್ ಮಿಲ್ ಆಫೀಸು ನಡೆಸುವವರಿಗೆ ಹೇಳುತ್ತಿದ್ದೇನೆ. ಒಂದೇ ಕಂಪನಿಯ ಎರಡು ಫೈಬರ್ ಲೈನ್ ಕೂಡಿಸಿದರೆ ಸ್ಪೀಡ್ ಎರಡು ಪಟ್ಟಾಗುತ್ತದೆ, ನೆಟ್ ಹೋಗುವ ಮಾತೇ ಇಲ್ಲ ಎಂದು ಯಾರಾದರೂ ಬಂದರೆ ದುಡ್ಡು ಕೊಡಬೇಡಿ.

ನಮ್ಮದು ಅರ್ಜಿ ತುಂಬುವ ಸೆಂಟರ್. ಆಳಂದ, ಅಫಜಲಪುರ, ಚಿಂಚೋಳಿ ಕಡೆಯ ಹುಡುಗರು 371ಜೆ ಪ್ರಮಾಣಪತ್ರ ಹಿಡಿದು ಕೆಇಎ, ಕೆಪಿಎಸ್‌ಸಿ ಅರ್ಜಿಗೆ ಬರುತ್ತಾರೆ, ಬಹಳ ಮಂದಿ ಕೊನೆಯ ದಿನಕ್ಕೇ. ಸಂಜೆ ಹೊತ್ತು ನೆಟ್ ನಿಧಾನ ಆಗುತ್ತಿತ್ತು. ಏಜೆಂಟ್ ಬಂದು, "ಅಣ್ಣಾರ, ನೂರು ಎಂಬಿಪಿಎಸ್‌ದು ಇನ್ನೊಂದ್ ಲೈನ್ ಹಾಕ್ಸ್ರಿ. ಎರಡೂ ಕೂಡಿ ಇನ್ನೂರು ಆಗ್ತದ. ಒಂದ್ ಹೋದ್ರ ಇನ್ನೊಂದ್ ಇದ್ದೇ ಇರ್ತದ" ಅಂದ. ಎರಡು ಲೈನ್ ಹಿಡಿಯುವ ರೌಟರನ್ನೂ ತಾನೇ ತಂದು ಕೂಡಿಸಿ ಸ್ಪೀಡ್ ಟೆಸ್ಟ್ ತೋರಿಸಿದ. ಇನ್ನೂರರ ಹತ್ತಿರ ಬಂತು.

ಮೋಸ ಇರುವುದು ಆ ಟೆಸ್ಟಿನಲ್ಲೇ. ಸ್ಪೀಡ್ ಟೆಸ್ಟ್ ಏಕಕಾಲಕ್ಕೆ ಹಲವು ಕನೆಕ್ಷನ್ ತೆರೆಯುತ್ತದೆ. ರೌಟರ್ ಅವನ್ನು ಎರಡೂ ಲೈನಿಗೆ ಹಂಚಿದಾಗ ಮೊತ್ತ ದೊಡ್ಡದಾಗಿ ಕಾಣುತ್ತದೆ. ಆದರೆ ಒಂದು ಕನೆಕ್ಷನ್ ಒಂದೇ ಲೈನಿನಲ್ಲಿ ಹೋಗುತ್ತದೆ, ಹಾಗಾಗಿ ಒಂದು ಪಿಡಿಎಫ್ ಅಪ್‌ಲೋಡ್ ಮೊದಲಿನಷ್ಟೇ ವೇಗ. ಎರಡು ಲೈನು ನಿಜಕ್ಕೂ ಒಂದಾಗಬೇಕಾದರೆ ಆಚೆ ತುದಿಯಲ್ಲೂ, ಎರಡು ದಾರಿಯಲ್ಲಿ ಬಂದ ಡೇಟಾದ ತುಂಡುಗಳನ್ನು ಮತ್ತೆ ಜೋಡಿಸುವ ವ್ಯವಸ್ಥೆ ಬೇಕು. ಅದು ಕಂಪನಿಯ ಕಡೆ ಇರಬೇಕು, ಇಲ್ಲವೇ ನಾವೇ ಬಾಡಿಗೆಗೆ ಹಿಡಿದ ಸರ್ವರ್‌ನಲ್ಲಿ. ಎರಡೂ ಲೈನು ಅವರದೇ ಆದ್ದರಿಂದ ಎರಡು ಲೈನನ್ನು ಒಂದಾಗಿ ಹೆಣೆಯುವ ಎಂಎಲ್‌ಪಿಪಿಪಿಯಂಥ ವ್ಯವಸ್ಥೆ ಕೊಡಲು ಅವರಿಗೆ ಸಾಧ್ಯವಿತ್ತು. ನಮಗೆ ಮಾರಿದ ಪ್ಲಾನ್‌ನಲ್ಲಿ ಅದು ಇರಲೇ ಇಲ್ಲ.

ಕಾಟ ಶುರುವಾದದ್ದು ಫೀ ಕಟ್ಟುವಾಗ. ಲಾಗಿನ್ ಒಂದು ಲೈನಿನಿಂದ, ಮುಂದಿನ ಪೇಜು ಇನ್ನೊಂದರಿಂದ. ಐಪಿ, ಅಂದರೆ ನೆಟ್‌ನಲ್ಲಿ ನಮ್ಮ ಲೈನಿನ ವಿಳಾಸ, ಬದಲಾದದ್ದು ಕಂಡು ಪೋರ್ಟಲ್ ಹೊರಗೆ ಹಾಕುತ್ತಿತ್ತು. ದುಡ್ಡು ಕಟ್ ಆಗಿ ರಸೀದಿ ಬಾರದೆ ನಿಂತ ಹುಡುಗರ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಪರಿಚಯದ ನೆಟ್‌ವರ್ಕ್ ಹುಡುಗನೊಬ್ಬ ಬಂದು, ಒಂದು ಕಂಪ್ಯೂಟರ್‌ಗೆ ಒಂದೇ ಲೈನ್ ಎಂದು ರೌಟರ್‌ನಲ್ಲಿ ಕಟ್ಟಿಹಾಕಿದ ಮೇಲೆ ಅದು ನಿಂತಿತು. ಇನ್ನೊಂದು ತೊಂದರೆಯನ್ನೂ ಅವನೇ ಹಿಡಿದ. ರೀಸ್ಟಾರ್ಟ್ ಆದಾಗ ಕೆಲವೊಮ್ಮೆ ಎರಡೂ ಲೈನಿಗೆ ಒಂದೇ ಗೇಟ್‌ವೇ (ಕಂಪನಿ ಕಡೆಗೆ ದಾಟುವ ಬಾಗಿಲಿನ ವಿಳಾಸ) ಸಿಗುತ್ತಿತ್ತು. ಆಗ ರೌಟರ್ ಗೊಂದಲಕ್ಕೆ ಬಿದ್ದು ಎಲ್ಲವನ್ನೂ ಒಂದೇ ಲೈನಿಗೆ ತಳ್ಳುತ್ತಿತ್ತು. ಇನ್ನೊಂದರ ಲೈಟು ಸುಮ್ಮನೆ ಮಿನುಗುತ್ತಿತ್ತು, ಬಿಲ್ಲು ಮಾತ್ರ ಎರಡೂ ಪೂರ್ತಿ, ಅದರ ಮೇಲೆ 18% ಜಿಎಸ್‌ಟಿ.

ಇಷ್ಟನ್ನು ಸಹಿಸಬಹುದಿತ್ತು. ಒಂದು ಅರ್ಜಿಯ ಕೊನೆಯ ದಿನ ಸೇಡಂ ರಸ್ತೆ ಕಡೆ ಜೆಸಿಬಿ ಅಗೆಯುವಾಗ ಕೇಬಲ್ ಹರಿಯಿತು. ಎರಡೂ ಮೋಡೆಮ್‌ನಲ್ಲಿ ಕೆಂಪು ಲೈಟು. ಆಮೇಲೆ ಕಂಬ ನೋಡಿದರೆ ನಮ್ಮ ಎರಡೂ ವೈರು ಒಂದೇ ಡಬ್ಬಿಯೊಳಗೆ ಹೋಗಿವೆ, ಅಲ್ಲಿಂದ ಮುಂದೆ ಎಳೆ ಒಂದೇ. ಒಂದೇ ಬಾವಿಗೆ ಎರಡು ಹಗ್ಗ ಬಿಟ್ಟಂತೆ. ಮನೆ ಫೈಬರ್‌ಗೆ ಹೆಚ್ಚಾಗಿ ಬಳಸುವ ಜಿಪಾನ್ ಎಂಬ ತಂತ್ರಜ್ಞಾನದಲ್ಲಿ ಆ ಎಳೆಯ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್, 1.25 ಗಿಗಾಬಿಟ್ ಅಪ್‌ಲೋಡನ್ನು ಸಾಮಾನ್ಯವಾಗಿ 32 ಅಥವಾ 64 ಗಿರಾಕಿಗಳವರೆಗೆ ಹಂಚುತ್ತಾರೆ. ಅಲ್ಲೇ ಇಕ್ಕಟ್ಟಾದರೆ ಎರಡನೇ ಲೈನಿನಿಂದ ಏನೂ ಬಿಡುವಾಗದು.

ಅಂದು ಎಲ್ಲರ ಮೊಬೈಲ್ ಹಾಟ್‌ಸ್ಪಾಟ್ ಕೂಡಿಸಿ ಆದಷ್ಟು ಅರ್ಜಿ ಹಾಕಿದೆವು. ಅಫಜಲಪುರ ಕಡೆಯ ಒಬ್ಬ ಹುಡುಗಿಯದು ಹೋಗಲಿಲ್ಲ. ಅವಳ ಅಪ್ಪ ಕೂಲಿ ಬಿಟ್ಟು ಜೊತೆಗೆ ಬಂದಿದ್ದರು. ಕಸ್ಟಮರ್ ಕೇರ್‌ನವರು "ಏರಿಯಾದಲ್ಲಿ ಫೈಬರ್ ಕಟ್ ಆಗಿದೆ ಸರ್" ಎಂದು ಹೇಳಿ ಫೋನ್ ಇಟ್ಟರು. ಇದನ್ನು ಬರೆಯುತ್ತಿರುವುದೇ ಅವಳಿಗಾಗಿ.

ಸ್ಪೀಡೇ ಬೇಕಿದ್ದರೆ ಇರುವ ಲೈನನ್ನೇ ದೊಡ್ಡ ಪ್ಲಾನಿಗೆ ಏರಿಸಿ. ನೆಟ್ ನಿಲ್ಲಬಾರದು ಅಂದರೆ ಎರಡನೆಯದು ಬೇರೆ ಕಂಪನಿಯದಿರಲಿ, ಬೇರೆ ದಿಕ್ಕಿನಿಂದ ಬರಲಿ. ಹೆಸರು ಬೇರೆ ಇದ್ದರೂ ಇಬ್ಬರೂ ಒಬ್ಬನೇ ಕೇಬಲ್ ಆಪರೇಟರ್‌ನ ಫೈಬರ್ ಮೇಲೆ ಬರುವುದುಂಟು. ಅದಕ್ಕೇ ಯಾರ ಫೈಬರ್, ಯಾವ ಕಂಬ ಎಂದು ಕೇಳಿ, ಹೊರಗೆ ಹೋಗಿ ಕಣ್ಣಾರೆ ನೋಡಿ. ನಾವು ಈಗ ಒಂದು ಫೈಬರ್, ಒಂದು ಸಿಮ್ ಹಾಕುವ ರೌಟರ್ ಇಟ್ಟುಕೊಂಡಿದ್ದೇವೆ. ಒಂದು ಲೈನ್ ಹೋದರೆ ರೌಟರ್ ತಾನೇ ಇನ್ನೊಂದಕ್ಕೆ ಬದಲಾಗುತ್ತದೆಯೇ ಎಂದು ಪರೀಕ್ಷೆ ಮಾಡುವಾಗ ರೌಟರ್‌ನ ವೈರು ಕಿತ್ತು ತೋರಿಸಿದರೆ ಒಪ್ಪಬೇಡಿ. ಮೋಡೆಮ್‌ಗೆ ಬರುವ ಫೈಬರನ್ನೇ ಬಿಚ್ಚಿಸಿ. ಫೈಬರ್ ಹರಿದಾಗಲೂ ಮೋಡೆಮ್ ಆನ್ ಇರುತ್ತದೆ, ಹಾಗಾಗಿ ಎಷ್ಟೋ ಸಲ ಲೈನ್ ಚೆನ್ನಾಗಿದೆ ಎಂದೇ ರೌಟರ್ ತಿಳಿಯುತ್ತದೆ. ಹೊರಗಿನ 8.8.8.8ರಂಥ (ಗೂಗಲ್‌ನದು) ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ರೌಟರ್ ಆಗಾಗ ಕೇಳಿ ನೋಡುವಂತೆ ಸೆಟ್ ಮಾಡಿಸಿ.

ಆಗಲೇ ಹಾಕಿಸಿದವರು ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಂತೆ ಅದನ್ನು ಕೊಡಲೇಬೇಕು. ಸರಿಹೋಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ. ಏಜೆಂಟ್ ಕಳಿಸಿದ ವಾಟ್ಸ್ಆ್ಯಪ್ ಮೆಸೇಜುಗಳನ್ನು ಅಳಿಸಬೇಡಿ.